ಕಿಟಕಿಗೆ ಅಡ್ಡವಿದ್ದ ಗಂಟುಗಳು

ಚೆನ್ನಿಯ ಮನೆಯ ಒಳಕೋಣೆಗೆ ಒಂದು ಕಿಟಕಿ ಇತ್ತು. ಮನೆ ಕೈಗೆ ಬಂದ ದಿನದಿಂದ ಹದಿನಾರು ವರ್ಷ ಅದನ್ನು ಯಾರೂ ತೆರೆದಿರಲಿಲ್ಲ.

ಕಾಡಿನೊಳಗಿದ್ದ ಗುಡಿಸಲುಗಳ ಹಾಡಿಯನ್ನು ಸರ್ಕಾರ ಎಬ್ಬಿಸಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂಚಿನಲ್ಲಿ ಸಾಲುಮನೆ ಕಟ್ಟಿಸಿ ಕೊಟ್ಟಾಗ, ಎಲ್ಲರಂತೆ ಇವರೂ ಲಾರಿಯಲ್ಲಿ ಸಾಮಾನು ಹೇರಿಕೊಂಡು ಬಂದಿದ್ದರು. ಬಿದಿರಿನ ಬುಟ್ಟಿಗಳು, ಗೆಣಸು ಅಗೆಯುವ ಕೋಲುಗಳು, ಹಳೆ ಗುಡಿಸಲಿನ ತಟ್ಟಿಬಾಗಿಲು, ಬೀಸುವ ಕಲ್ಲು, ಎಲ್ಲಕ್ಕಿಂತ ಮೇಲೆ ಜೇನು ಇಳಿಸುವ ಬಳ್ಳಿಯ ಹಗ್ಗ. ಚೆನ್ನಿ ಗಂಟು ಬಿಚ್ಚಲು ಹೋದಾಗ ಗಂಡ ಜೋಗಯ್ಯ ತಡೆದ.

“ಬಿಚ್ಚಬ್ಯಾಡ ಬುಡು. ವಾಪಸ್ ಓಗುವಾಗ ಮತ್ತೆ ಯಾರು ಕಟ್ತಾರೆ?”

ಹಾಗೆ ಗಂಟುಗಳು ಕಿಟಕಿಗೆ ಒರಗಿ ಕೂತವು. ವರ್ಷ ಕಳೆದಂತೆ ಅವುಗಳ ಮೇಲೆ ಹರಿದ ಕಂಬಳಿ, ಗೊಬ್ಬರದ ಚೀಲ, ಮಗನ ಶಾಲೆಯ ಬ್ಯಾಗು ಬಿದ್ದು ರಾಶಿ ಸೂರು ಮುಟ್ಟುವಷ್ಟಾಯಿತು. ಯುಗಾದಿಗೆ ಮನೆಗೆ ಸುಣ್ಣ ಬಳಿಯುವಾಗಲೂ ಚೆನ್ನಿ ಆ ಗೋಡೆಯೊಂದನ್ನು ಬಿಟ್ಟು ಬಳಿಯುತ್ತಿದ್ದಳು. ಅವಳಿಗೂ ಆ ರಾಶಿಯ ಮೇಲೆ ಮನಸ್ಸಿತ್ತು. ಜೋಗಯ್ಯ ಮರದ ತುದಿಯಿಂದ ಇಳಿಬಿದ್ದು ಜೇನು ಕೊಯ್ಯುವಾಗ ಮೇಲೆ ಹಗ್ಗ ಕಾಯುತ್ತಿದ್ದವನು ಅವಳ ಸ್ವಂತ ಅಣ್ಣ ಜಯರಾಮ. ತಂಗಿಯ ತಾಳಿ ಕೈಯಲ್ಲಿದೆ ಅನ್ನುವ ಹಾಗೆ ಹಿಡಿಯುತ್ತಿದ್ದ. ಕಾಡು ಬಿಟ್ಟ ಎರಡನೇ ವರ್ಷ ಅವನು ಜ್ವರ ಬಂದು ತೀರಿಕೊಂಡ.

ಈ ವರ್ಷ ಕೊಡಗಿನ ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದಾಗ ಜೋಗಯ್ಯನಿಗೆ ಕೆಮ್ಮು ಹತ್ತಿತು. ಬಿಡಲೇ ಇಲ್ಲ. ಶಿವರಾತ್ರಿ ಹೊತ್ತಿಗೆ ಕಫದಲ್ಲಿ ರಕ್ತ ಕಂಡಿತು. ಪರೀಕ್ಷೆ ಮಾಡಿಸಿದರೆ ಕ್ಷಯ. ಆರು ತಿಂಗಳು ತಪ್ಪದೆ ಮಾತ್ರೆ ನುಂಗಬೇಕೆಂದರು.

ಮಾತ್ರೆ ತಂದುಕೊಡುತ್ತಿದ್ದ ಆಶಾ ಕಾರ್ಯಕರ್ತೆ ಕಾವ್ಯಶ್ರೀ ಒಂದು ದಿನ ಒಳಕೋಣೆಗೆ ಕಾಲಿಟ್ಟವಳೇ ಸೆರಗು ಮೂಗಿಗೆ ಹಿಡಿದಳು.

“ಚೆನ್ನಕ್ಕ, ಇಲ್ಲೇ ಮಲಗ್ತಾರಾ ಇವ್ರು? ಗಾಳಿ ಎಲ್ಲಿಂದ ಬರುತ್ತೆ? ಇದನ್ನೆಲ್ಲ ಆಚೆ ಹಾಕಿ, ಕಿಟಕಿ ತೆಗೀರಿ. ಮನೇಲಿ ಎಂಟು ತಿಂಗಳ ಕೂಸಿದೆ.”

ಜೋಗಯ್ಯ ಮಲಗಿದ್ದಲ್ಲಿಂದಲೇ ಅಂದ, “ಕಿಟಕಿ ಬೇಕಾದ್ರೆ ಗೋಡೆ ಒಡ್ದು ಇನ್ನೊಂದು ಮಾಡ್ಸಿ. ಅದನ್ನ ಮುಟ್ಟಬ್ಯಾಡಿ.”

ಕೂಸಿಗೆ ಮುನ್ನೆಚ್ಚರಿಕೆಯ ಔಷಧಿ ಶುರು ಮಾಡಿದರು. ಅದರ ತಾಯಿ, ಚೆನ್ನಿಯ ಸೊಸೆ ಶ್ಯಾಮಲಾ, ಒಂದು ವಾರ ಕಾದಳು. ಆಮೇಲೊಂದು ಬೆಳಿಗ್ಗೆ ಬಟ್ಟೆ ಗಂಟು ಕಟ್ಟಿಕೊಂಡು ಹೊರಬಂದಳು.

“ಅತ್ತೆ, ಮಾವನ ಮೇಲೆ ನಂಗೆ ಕೋಪ ಇಲ್ಲ. ಈ ಕತ್ತಲೇಲಿ ಮಗೀನ ಮಲಗ್ಸಕ್ಕೆ ಭಯ ಆಯ್ತದೆ. ಮನೆ ಸರಿಯಾದ ದಿನ ಬತ್ತೀನಿ.”

ಪಿರಿಯಾಪಟ್ಟಣದ ಕಡೆಯ ತವರಿಗೆ ಅವಳು ಬಸ್ಸು ಹತ್ತಿದಳು. ಮಗ ದೇವರಾಜ ತಡೆಯಲಿಲ್ಲ. ಚೆನ್ನಿಯೂ ತಡೆಯಲಿಲ್ಲ.

ಯುಗಾದಿಗೆ ಐದು ದಿನ ಇರುವಾಗ ದೇವರಾಜ ಅಪ್ಪನನ್ನು ಎಕ್ಸ್‌ರೇಗೆಂದು ಹೆಗ್ಗಡದೇವನಕೋಟೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಚೆನ್ನಿ ಅಂದು ಶುಂಠಿ ಹೊಲದ ಕೂಲಿಗೆ ಹೋಗಲಿಲ್ಲ. ಅವರ ಬಸ್ಸು ತಿರುವು ದಾಟುವ ತನಕ ನಿಂತು ನೋಡಿ, ಒಳಗೆ ಬಂದು ಸೀರೆ ಎತ್ತಿ ಕಟ್ಟಿದಳು.

ಮೇಲಿನ ಚೀಲ, ಕಂಬಳಿ ಎಳೆದಾಗ ಬರೀ ಧೂಳು ಬಿತ್ತು. ಕೆಳಗಿನ ಗಂಟಿಗೆ ಕೈ ಹಾಕಿದಾಗ ಬೆರಳು ಒಳಕ್ಕೇ ಇಳಿದುಹೋಯಿತು. ಬುಟ್ಟಿ ಎತ್ತಿದರೆ ಬುಟ್ಟಿಯ ಬಾಯಷ್ಟೇ ಕೈಗೆ ಬಂತು. ತಟ್ಟಿಬಾಗಿಲಿನ ಜಾಗದಲ್ಲಿ ಬಾಗಿಲಿನ ಆಕಾರದ ಮಣ್ಣಿತ್ತು. ಹಗ್ಗ ಸುತ್ತಿದ್ದ ಸುತ್ತಿನಂತೆಯೇ ಕೂತಿತ್ತು; ಮುಟ್ಟಿದ ಕೂಡಲೇ ಉದುರಿ, ಒಳಗಿಂದ ಬಿಳಿಯ ಗೆದ್ದಲು ಹರಿದವು. ಯಾವ ವರ್ಷ ಹತ್ತಿತ್ತೋ ಏನೋ. ಗಂಡ ಕಾವಲು ಕೂತದ್ದು ಈ ಪುಡಿಗೆ. ಚೆನ್ನಿ ನೆಲದ ಮೇಲೆ ಕುಸಿದು, ಅಣ್ಣನ ಹೆಸರು ಹಿಡಿದು ಅತ್ತಳು.

ಅತ್ತು ಮುಗಿದ ಮೇಲೆ ಎದ್ದಳು. ಬೀಸುವ ಕಲ್ಲನ್ನು ಉರುಳಿಸಿ ಜಗಲಿಗೆ ತಂದಳು. ಗೆಣಸಿನ ಕೋಲುಗಳ ಕಬ್ಬಿಣದ ಮೊನೆಗಳನ್ನು ಆರಿಸಿಟ್ಟಳು. ಮಿಕ್ಕಿದ್ದನ್ನು ಹಿತ್ತಲಿಗೆ ಹೊತ್ತು ಬೆಂಕಿ ಕೊಟ್ಟಳು. ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು. ಕಲ್ಲಿನಿಂದ ಜಜ್ಜಿ ಬಿಡಿಸಿದಳು. ನೆಲ ಸಾರಿಸಿ, ಗೋಡೆಗೆ ಎರಡು ಸಲ ಸುಣ್ಣ ಎಳೆದಳು.

ಮಧ್ಯಾಹ್ನದ ಬಸ್ಸಿಗೆ ಇಳಿದು ಬಂದ ಜೋಗಯ್ಯ ಬಾಗಿಲಲ್ಲೇ ನಿಂತ. ಒಳಕೋಣೆಯ ನೆಲದ ಮೇಲೆ ಬಿಸಿಲು ಬಿದ್ದಿತ್ತು.

“ಅಗ್ಗ?”

“ಸುಟ್ಟೆ.”

“ನಿಮ್ಮಣ್ಣ ಇಡಿದಿದ್ದ ಅಗ್ಗ ಕಣ ಅದು!”

“ಗೊತ್ತು.”

ಗೆದ್ದಲಿನ ಮಾತು ನಾಲಗೆಯ ತುದಿಗೆ ಬಂದಿತ್ತು. ಅವಳು ನುಂಗಿಕೊಂಡಳು. ನೀನು ಕಾದದ್ದೆಲ್ಲ ಮಣ್ಣಾಗಿತ್ತು ಎಂದು ಆ ಸೊರಗಿದ ಮುಖಕ್ಕೆ ಹೇಗೆ ಹೇಳುವುದು? ಬೈದರೆ ತನ್ನನ್ನೇ ಬೈಯಲಿ ಎಂದುಕೊಂಡಳು. ಅವನು ಬೈಯಲೂ ಇಲ್ಲ. ಜಗಲಿಯ ಮೇಲೆ ಚಾಪೆ ಹಾಸಿ, ಗೋಡೆಗೆ ಮುಖ ಮಾಡಿ ಮಲಗಿದ. ಮಾರನೇ ದಿನ ಮಾತ್ರೆ ಮುಟ್ಟಲಿಲ್ಲ. ಅದರ ಮಾರನೇ ದಿನವೂ ಮುಟ್ಟಲಿಲ್ಲ. ಕಾವ್ಯಶ್ರೀ ಗದರಿದಳು, ದೇವರಾಜ ಕೈಮುಗಿದ. ಅವನು ಕಣ್ಣು ಬಿಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಚಾಪೆ ಖಾಲಿ ಇತ್ತು.

ಚೆನ್ನಿಗೆ ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಮಾತ್ರೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿ, ಒಂದು ಬಾಟಲಿ ನೀರು ಹಿಡಿದು ಕಾಡಿನ ದಿಕ್ಕಿಗೆ ಓಡುನಡಿಗೆಯಲ್ಲಿ ಹೋದಳು. ಆನೆ ಬರದಂತೆ ತೋಡಿದ ಕಂದಕದ ಏರಿಯ ಮೇಲೆ ಜೋಗಯ್ಯ ಮೊಣಕಾಲು ತಬ್ಬಿ ಕೂತಿದ್ದ. ಇಳಿದು ಹತ್ತುವಷ್ಟು ಉಸಿರು ಅವನಲ್ಲಿ ಉಳಿದಿರಲಿಲ್ಲ. ಆಚೆ ಬದಿಯಲ್ಲಿ ಮುತ್ತುಗ ಹೂ ಬಿಟ್ಟಿತ್ತು. ಕೆಮ್ಮು ನಿಲ್ಲುವ ತನಕ ಚೆನ್ನಿ ಅವನ ಬೆನ್ನು ನೀವಿದಳು.

ಅವನು ಕೇಳಿದ, “ಅಗ್ಗ ಎಷ್ಟೊತ್ತು ಉರೀತು?”

ಸುಳ್ಳು ಹೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. “ಒಂದು ಬೀಡಿ ಸೇದೋವಷ್ಟೊತ್ತು.”

“ಒಳ್ಳೆ ಬಳ್ಳಿ ಆಗಿದ್ರೆ ಸಂಜೆಗಂಟ ಉರೀಬೇಕಿತ್ತು.” ಅವನು ಅವಳ ಮುಖ ನೋಡಿದ. “ಗೆದ್ದಲಾ?”

ಚೆನ್ನಿ ತಲೆ ತಗ್ಗಿಸಿದಳು.

“ಎಲ್ಲಾನೂವಾ?”

“ಕಲ್ಲು ಐತೆ. ಕಬ್ಬಿಣ ಐತೆ.”

“ಯಾಕೆ ಯೋಳ್ಲಿಲ್ಲ?”

“ಎಂಗೆ ಯೋಳ್ಲಿ?”

ಅವನ ಗಂಟಲಿನಿಂದ ಬಂದದ್ದು ಕೆಮ್ಮೋ ಅಳುವೋ ತಿಳಿಯಲಿಲ್ಲ. ಚೆನ್ನಿ ಸೆರಗಿನ ಗಂಟು ಬಿಚ್ಚಿ ಮಾತ್ರೆಗಳನ್ನು ಅವನ ಅಂಗೈಗೆ ಹಾಕಿದಳು. ಅವನು ಅವುಗಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಒಂದೊಂದಾಗಿ ನುಂಗಿದ. ವಾಪಸು ಬರುವಾಗ ಮೂರು ಕಡೆ ಕೂತು ಎದ್ದರು.

ಹಬ್ಬದ ಮಾರನೇ ದಿನ ಶ್ಯಾಮಲಾ ಕೂಸಿನೊಂದಿಗೆ ಬಂದಳು. ಒಳಕೋಣೆಯನ್ನು ಕಂಡು ಅವಳ ಮುಖ ಅರಳಿತು. “ಈ ಮನೆಗೆ ಇಷ್ಟು ಬೆಳಕೈತಾ ಅತ್ತೆ!” ಅಂದಳು. ಚೆನ್ನಿ ನಗಲು ನೋಡಿದಳು. ಜೋಗಯ್ಯ ಮಾತ್ರ ಮಳೆಗಾಲ ಹಿಡಿಯುವ ತನಕ ಜಗಲಿಯಲ್ಲೇ ಮಲಗಿದ. ಒಳಗೆ ಬಂದ ಮೇಲೂ ಕಿಟಕಿಗೆ ಬೆನ್ನು ಹಾಕಿ ಮಲಗುತ್ತಿದ್ದ.

ಮಾತ್ರೆ ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಆರು ತಿಂಗಳು ಮುಗಿದಾಗ ಕಫ ಶುದ್ಧವಾಗಿತ್ತು, ತೂಕ ಏಳು ಕೆ.ಜಿ. ಏರಿತ್ತು. “ಅಜ್ಜ ಗೆದ್ದುಬುಟ್ರು,” ಅಂದಳು ಕಾವ್ಯಶ್ರೀ. ಹಾಡಿಯವರೂ ಹಾಗೇ ಅಂದರು. ಚೆನ್ನಿಗೆ ಹಾಗೆ ಅನ್ನಿಸಲಿಲ್ಲ. ಕಾಡಿನ ಮಾತನ್ನು ಅವನು ಪೂರ್ತಿ ಬಿಟ್ಟಿದ್ದ. ಮೊದಲು ಊಟಕ್ಕೆ ಕೂತರೆ ಸಾಕು, ಯಾವ ಮರದಲ್ಲಿ ಎಷ್ಟು ಜೇನುಹುಟ್ಟಿ ಕಟ್ಟಿತ್ತು ಎಂದು ಶುರು ಮಾಡುತ್ತಿದ್ದವನು, ಈಗ ತಟ್ಟೆ ನೋಡಿಕೊಂಡು ಉಂಡು ಏಳುತ್ತಿದ್ದ. ಆಗೆಲ್ಲ ಅದೇ ಮಾತೆಂದು ರೇಗುತ್ತಿದ್ದ ಚೆನ್ನಿ, ಈಗ ತಾನೇ ಕೆದಕಿ ನೋಡಿದಳು. ಅವನು “ಊಂ” ಅನ್ನುವುದರಾಚೆ ಹೋಗಲಿಲ್ಲ.

ಡಿಸೆಂಬರಿನಲ್ಲಿ ಕಾಫಿ ಕೊಯ್ಲಿಗೆ ಕರೆದೊಯ್ಯುವ ಜೀಪು ಬಂತು. ಜೋಗಯ್ಯ ಆ ಕೆಲಸಕ್ಕೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಚೆನ್ನಿ ಮಗನೊಂದಿಗೆ ಹೊರಟಳು. ತೋಟದ ಕೂಲಿಯವರ ಲೈನ್‌ಮನೆಯಿಂದ ದಿನಾ ಸಂಜೆ ದೇವರಾಜನ ಫೋನಿನಲ್ಲಿ ಮಾತಾಡುತ್ತಾಳೆ.

“ಉಂಡ್ಯಾ?”

“ಉಂಡೆ.”

“ಕೆಮ್ಮು?”

“ಇಲ್ಲ.”

ಅಷ್ಟು ಹೇಳಿ ಅವನು ಫೋನನ್ನು ಶ್ಯಾಮಲಾಳ ಕೈಗೆ ಕೊಡುತ್ತಾನೆ. ಅವಳು ಮಗು ನಡೆದದ್ದು, ಬಿದ್ದದ್ದು ಎಲ್ಲವನ್ನೂ ಹೇಳುತ್ತಾಳೆ. ಚೆನ್ನಿ ಕೇಳಿಸಿಕೊಳ್ಳುತ್ತಾಳೆ. ಅದರ ಹಿಂದೆ ಅವನು ಏನಾದರೂ ಮಾತಾಡುತ್ತಿದ್ದಾನೆಯೇ ಎಂದೂ ಕಿವಿಗೊಡುತ್ತಾಳೆ.