ಗಿರಣಿಯ ಗಾಲಿ, ಮೊಮ್ಮಗಳ ಬೈಕು

ಹೋದ ವರ್ಷ ಚೌತಿಯ ಗಣೇಶನನ್ನು ಕಳಿಸಿದ ಮೇಲಿನ ಎರಡನೇ ಭಾನುವಾರ ನಡೆದದ್ದು ಇದು. ಅವತ್ತಿನ ಸಂತೋಷ ನನ್ನೊಬ್ಬಳ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಮ್ಮದು ಶಿರಸಿ ತಾಲೂಕಿನ ಹುಲಗೋಳ. ಮೊಮ್ಮಗಳು ಪಲ್ಲವಿ ಶಿರಸಿ ಕಾಲೇಜಿನಲ್ಲಿ ಓದುತ್ತಾಳೆ. ಅವಳಿಗೆ ಬೈಕಿನ ಹುಚ್ಚು. ನನ್ನ ಮಗ ಮಂಜುನಾಥ ಹುಡುಗನಾಗಿದ್ದಾಗ ಓಡಿಸುತ್ತಿದ್ದ ಹಳೇ ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವಂಥದ್ದು, ಕೊಟ್ಟಿಗೆಯ ಮೂಲೆಯಲ್ಲಿ ಕೋಳಿ ಮೊಟ್ಟೆ ಇಡುವ ಜಾಗವಾಗಿತ್ತು. ಇವಳು ಕೋಳಿ ಓಡಿಸಿ, ಗಾಡಿ ಬಿಚ್ಚಿ, ಮುಳ್ಳಿನಂಥ ಟಯರು ಹಾಕಿ, ಮಡ್‌ಗಾರ್ಡು ಮೇಲೆ ಏರಿಸಿ ಅದನ್ನು ಕೆಸರಿನಲ್ಲಿ ಓಡುವ ಗಾಡಿ ಮಾಡಿಕೊಂಡಳು.

ಮಳೆಗಾಲದ ಕೊನೆಗೆ ಸಿದ್ದಾಪುರದ ಕಡೆ ಒಂದು ಊರಿನ ಹುಡುಗರು ಕೆಸರಿನ ಬೈಕ್ ಓಟ ಇಡುತ್ತಾರೆ. ಅದರಲ್ಲಿ ಒಂದು ಕೆಮ್ಮಣ್ಣಿನ ಏರು ಬರುತ್ತದೆ. ನಾನು ಹೇಳಹೊರಟ ಓಟದ ಹಿಂದಿನ ವರ್ಷ ಪಲ್ಲವಿಯ ಗಾಡಿ ಆ ಏರಿನ ಅರ್ಧಕ್ಕೆ ಬಂದು ನಿಂತು, ಹಿಂದೆ ಜಾರಿ, ಅವಳ ಮೇಲೇ ಬಿತ್ತು. ಮೈಕ್ ಹಿಡಿದವನು, "ಅಕ್ಕಾವ್ರೇ, ಗಾಡಿಗೆ ಸುಸ್ತಾಗಿದೆ, ಒಂದು ಚಾ ಕುಡಿಸಿ" ಅಂದನಂತೆ. ಜನರೆಲ್ಲ ನಕ್ಕರಂತೆ. ಮೊಣಕಾಲಿನ ಗಾಯಕ್ಕಿಂತ ಆ ನಗುವೇ ಅವಳಿಗೆ ಬಹಳ ದಿನ ಉರಿಯಿತು.

ಮಗನಿಗೆ ಹೆದರಿಕೆ. ಅವನು ಸಿಟ್ಟಿನ ಮನುಷ್ಯನಲ್ಲ, ಆದರೆ ಹೇಳಿದ್ದನ್ನು ಮಾಡುವವನು. "ಇನ್ನೊಂದೇ ಸಲ. ಮುಂದಿನ ವರ್ಷನೂ ಆ ಏರಿನ ಮೇಲೆ ಗಾಡಿ ನಿಂತ್ರೆ ಮಾರಿಬಿಡೂದೆ. ಗಾಡಿ ನಂದು, ನೆನಪಿರ್ಲಿ" ಎಂದ. ಪಲ್ಲವಿ ಹೂಂ ಅಂದಳು. ಬೇರೆ ದಾರಿ ಇರಲಿಲ್ಲ.

ವರ್ಷವಿಡೀ ಅವಳ ಗೆಳೆಯರು ಬಂದು ಏನೇನೋ ಮಾಡಿದರು. ದಪ್ಪ ಹೊಟ್ಟೆಯ ಹೊಸ ಸೈಲೆನ್ಸರ್ ಹಾಕಿದರು. ಅದರ ಸದ್ದಿಗೆ ನಮ್ಮ ದನ ಹಗ್ಗ ಹರಿದುಕೊಂಡಿತು. ಗಾಡಿ ಸಪಾಟು ರಸ್ತೆಯಲ್ಲಿ ಹಾರಿ ಹೋಗುತ್ತಿತ್ತು, ಏರು ಕಂಡರೆ ಮಾತ್ರ ಬೊಕ್ ಬೊಕ್ ಅಂದು ಸಾಯುತ್ತಿತ್ತು.

ಒಂದು ದಿನ ನಾನು ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತ ಆ ಸದ್ದನ್ನೇ ಕೇಳುತ್ತಿದ್ದೆ. "ಇದಕ್ಕೆ ಗಂಟಲು ಮಾತ್ರ ಅದೆ ಮಾರಾಯ್ತಿ, ಹೊಟ್ಟೆಯಲ್ಲಿ ಎಂತದೂ ಇಲ್ಲ" ಅಂದೆ.

"ಹೌದು ಅಜ್ಜಿ. ಜೋರು ತಿರುಗಿದ್ ಮೇಲೆ ಪವರ್ ಬರ್ತದೆ. ನಿಧಾನಕ್ಕೆ ಹೋಗುವಾಗ ಎಳೂದೇ ಇಲ್ಲ."

"ಇದರ ಎಂಜಿನ್ನಿಗೆ ಗಾಲಿ ಎಷ್ಟು ದೊಡ್ಡದದೆ?"

ಅವಳು ಬದಿಯ ಮುಚ್ಚಳ ಬಿಚ್ಚಿ ತೋರಿಸಿದಳು. ಮ್ಯಾಗ್ನೆಟ್ ಅನ್ನುತ್ತಾರಂತೆ. ಒಂದು ತೆಂಗಿನ ಗರಟೆಯಷ್ಟು ಇತ್ತು. ನನಗೆ ನಗು ಬಂತು.

ನಮ್ಮ ಮನೆಯವರು ಇದ್ದಾಗ ಊರಲ್ಲಿ ಹಿಟ್ಟಿನ ಗಿರಣಿ ನಮ್ಮದೇ. ಡೀಸೆಲ್ ಎಂಜಿನ್ನು. ಅದರ ಬದಿಗೆ ತಿರುಗುವ ಕಬ್ಬಿಣದ ಗಾಲಿ ನನ್ನ ಸೊಂಟದಷ್ಟು ಎತ್ತರ, ಇಬ್ಬರು ಗಂಡಸರಿಗೂ ಎತ್ತಲು ಬರುತ್ತಿರಲಿಲ್ಲ. ಕಲ್ಲಿನ ಬಾಯಿಗೆ ಕಾಳು ಬಿದ್ದ ಕೂಡಲೇ ಎಂಜಿನ್ನಿಗೆ ಭಾರ ಆಗುತ್ತದೆ. ಆಗ ಅದು ನಿಂತು ಹೋಗದ ಹಾಗೆ ಮುಂದಕ್ಕೆ ಎಳೆದುಕೊಂಡು ಹೋಗುವುದು ಆ ಗಾಲಿಯ ತೂಕವೇ. ಅವರು ಎಂಜಿನ್ನಿನ ಹತ್ತಿರ, ನಾನು ಕಲ್ಲಿನ ಹತ್ತಿರ. ಸದ್ದಿನಲ್ಲಿ ಮಾತು ಕೇಳುವುದಿಲ್ಲವಲ್ಲ, ಹಾಗಾಗಿ ಎಲ್ಲ ಕೈಸನ್ನೆ. ಅಂಗೈ ಕೆಳಗೆ ಮಾಡಿದರೆ ತಡೆ, ಸಾಕು. ಬೆರಳು ಮಡಚಿ ಕರೆದ ಹಾಗೆ ಮಾಡಿದರೆ ಸುರಿ. ಪಲ್ಲವಿ ಆರೇಳು ವರ್ಷದವಳಿದ್ದಾಗ ಚೀಲದ ಮೇಲೆ ಕೂತು, ನನ್ನ ಕೈ ನೋಡಿಕೊಂಡು ಸೇರಿನಿಂದ ಅಕ್ಕಿ ಸುರಿಯುತ್ತಿದ್ದಳು. ಆಮೇಲೆ ಗಿರಣಿ ನಿಂತಿತು.

"ಈ ಗರಟೆಗೆ ತೂಕ ಹಾಕ್ಸು" ಅಂದೆ. ಅವಳು ನನ್ನ ಮುಖ ನೋಡಿದಳು. ಮುಚ್ಚಳ ಹಾಕಿ ಹೂಂ ಅಂದಳು.

ಶಿರಸಿಯಲ್ಲಿ ಖಾದರ್ ಸಾಹೇಬರ ಕಬ್ಬಿಣ ಕಡೆಯುವ ಲೇತ್ ಇದೆ. ನಮ್ಮ ಗಿರಣಿಯ ಕೆಲಸವೆಲ್ಲ ಅವರ ತಂದೆಯೇ ಮಾಡುತ್ತಿದ್ದರು. ಪಲ್ಲವಿಯ ಹಿಂದೆ ಕೂತು ನಾನೂ ಹೋದೆ.

"ಬರ್ರಿ ಅಮ್ಮಾ, ಕೂಡ್ರಿ" ಎಂದು ಸ್ಟೂಲ್ ಒರೆಸಿ ಕೊಟ್ಟರು. ನಾನು ಹೇಳಿದ್ದು ಕೇಳಿ ಕನ್ನಡಕ ತೆಗೆದರು. "ಎಲ್ಲಾ ಹುಡುಗ್ರು ತೂಕ ಇಳಿಸ್ಲಿಕ್ಕೆ ಬರ್ತಾರ. ಏರಿಸ್ರಿ ಅಂತ ಬಂದವ್ರು ನೀವೊಬ್ರೇ ನೋಡ್ರಿ."

"ಆಗೂದಿಲ್ವಾ ಹಾಗಾದ್ರೆ?"

"ಆಗ್ತದ, ಚಲೋನೇ ಆಗ್ತದ. ಗಾಡಿ ತಟ್ಟನೆ ಏಳೂದಿಲ್ಲ, ಆದ್ರ ತಟ್ಟನೆ ಸಾಯೂದೂ ಇಲ್ಲ. ಮೊದಲು ಆ ದಪ್ಪ ಸೈಲೆನ್ಸರ್ ಬಿಚ್ಚಿ ಹಳೇದು ಹಾಕ್ರಿ. ಅದು ಜೋರು ಓಟಕ್ಕ ಮಾಡಿದ್ದು, ನಿಮಗ ಬೇಕಾದ್ದು ನಿಧಾನಕ್ಕ ಹೋಗುವಾಗಿನ ಬಲ."

ಅವರು ಉಕ್ಕಿನ ಬಳೆಯಂಥದ್ದು ಒಂದು ಕಡೆದು ಮ್ಯಾಗ್ನೆಟ್ಟಿಗೆ ಕೂರಿಸಿದರು. ಒಂದು ಬದಿಗೆ ಕೂದಲಿನಷ್ಟು ತೂಕ ಹೆಚ್ಚಾದರೂ ಒಳಗಿನ ಬೇರಿಂಗ್ ಹಾಳಾಗುತ್ತದೆ ಎಂದು ತಿರುಗಿಸಿ ತಿರುಗಿಸಿ ನೋಡಿದರು. ಹಿಂದಿನ ಚೈನಿನ ಚಕ್ರವನ್ನೂ ಎರಡು ಹಲ್ಲು ದೊಡ್ಡದು ಹಾಕಿಸಿದರು. ಓಟ ಸ್ವಲ್ಪ ಕಡಿಮೆಯಾದರೂ ಎಳೆತ ಹೆಚ್ಚುತ್ತದಂತೆ.

ಮನೆಗೆ ಬರುವಾಗ ಪಲ್ಲವಿಯ ಮುಖ ಸಪ್ಪಗಿತ್ತು. "ಅಜ್ಜಿ, ಇದು ಎಮ್ಮೆ ಹಾಗೆ ಆಯ್ತು. ಕೈ ತಿರುವಿದ್ರೆ ಯೋಚ್ನೆ ಮಾಡಿ ಏಳ್ತದೆ."

"ಕೆಸರಲ್ಲಿ ಹೋಗೂದು ಎಮ್ಮೆಯೇ ಅಲ್ದಾ?" ಅಂದೆ. ಬಾಯಲ್ಲಿ ಹಾಗಂದರೂ ನನಗೆ ಒಳಗೊಳಗೇ ಭಯ ಹತ್ತಿತು. ನನ್ನ ಮಾತು ಕೇಳಿ ಅವಳು ಗಾಡಿ ಕಳೆದುಕೊಂಡರೆ?

ಓಟದ ದಿನ ಮಗ, ಸೊಸೆ, ನಾನು ಮೂವರೂ ಸಿದ್ದಾಪುರದ ಕಡೆಯ ಆ ಊರಿಗೆ ಹೋದೆವು. ಹಿಂದಿನ ದಿನ ಮಳೆ ಹೊಡೆದು ಏರು ಅಂಬಲಿಯಂತಾಗಿತ್ತು. ಒಬ್ಬೊಬ್ಬರಿಗೂ ಎರಡು ಸುತ್ತು ಬಿಡುತ್ತಿದ್ದರು. ಅದರಲ್ಲಿ ಚೆನ್ನಾಗಿ ಬಂದ ಒಂದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ.

ಮೊದಲನೇ ಸುತ್ತಿನಲ್ಲಿ ಪಲ್ಲವಿ ಏರಿನ ಬುಡಕ್ಕೆ ಬಂದವಳೇ ಹಳೇ ಅಭ್ಯಾಸದಂತೆ ಪೂರ್ತಿ ಕೈ ತಿರುವಿದಳು. ಹಿಂದಿನ ಚಕ್ರ ಇದ್ದಲ್ಲೇ ತಿರುಗಿ ಹೊಂಡ ತೋಡಿತು. ಗಾಡಿ ಹೂತು ಹೋಯಿತು. ಮೈಕಿನವನು ಹಿಂದಿನ ವರ್ಷದವನೇ ಇರಬೇಕು, "ಚಾ ಇನ್ನೂ ಕುಡಿಸಿಲ್ಲ ಕಾಣ್ತದೆ" ಅಂದ. ಮಗ ನನ್ನ ಕಡೆ ತಿರುಗಿ, "ಆಯ್ತಲ್ಲ ಆಯಿ" ಅಂದ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು.

ಆಗ ನನಗೆ ಹೊಳೆಯಿತು. ಗಾಲಿಯನ್ನೇನೋ ಕೊಟ್ಟೆ, ಅದರ ಜೊತೆ ಕೆಲಸ ಮಾಡುವ ಕೈಯನ್ನು ಕಲಿಸಲಿಲ್ಲ. ಸೆರಗು ಕಟ್ಟಿಕೊಂಡು ಹಗ್ಗದ ಕೆಳಗೆ ನುಸುಳಿ ಅವಳ ಹತ್ತಿರ ಹೋದೆ. ಅವಳು ಹೆಲ್ಮೆಟ್ಟಿನೊಳಗೇ ಅಳುತ್ತಿದ್ದಳು.

"ಗಿರಣಿಯಲ್ಲಿ ಪೂರಾ ಚೀಲ ಒಂದೇ ಸಲ ಸುರಿದ್ರೆ ಎಂತ ಆಗ್ತಿತ್ತು ಹೇಳು?"

"ಕಲ್ಲು ಕಟ್ಟಿ ಎಂಜಿನ್ನು ನಿಲ್ತಿತ್ತು."

"ಮತ್ತೆ ನೀ ಈಗ ಮಾಡಿದ್ದು ಎಂತದು? ಏರು ಬರೂಕೂ ಮೊದ್ಲೇ ಗಾಲಿಗೆ ಓಟ ತುಂಬ್ಸು. ಏರಿನ ಮೇಲೆ ಕೈ ತಡಿ. ಸದ್ದು ಕುಗ್ಗಿದ್ರೆ ಮಾತ್ರ ಒಂದು ಸೇರು ಸುರಿ. ನಾ ಮೇಲೆ ನಿಂತಿರ್ತೆ, ನನ್ನ ಕೈ ನೋಡು."

ಅವಳು ಮೂಗು ಒರೆಸಿಕೊಂಡು ತಲೆಯಾಡಿಸಿದಳು.

ಏರಿನ ತುದಿಗೆ ಹೋಗಿ ಹಗ್ಗ ಹಿಡಿದು ನಿಂತೆ. ಅಲ್ಲಿದ್ದ ಒಬ್ಬ, "ಅಜ್ಜಿ, ಆಚೆ ಹೋಗಿ, ಕೆಸರು ಸಿಡೀತದೆ" ಅಂದ. "ಸಿಡೀಲಿ ತಮ್ಮಾ, ಇದೇನು ರೇಷ್ಮೆ ಸೀರೆ ಅಲ್ಲ" ಅಂದೆ.

ಎರಡನೇ ಸುತ್ತು. ಅವಳ ಮುಂದಿನ ಇಬ್ಬರ ಗಾಡಿಗಳು ಕಿರುಚಿ ಕಿರುಚಿ ಅರ್ಧಕ್ಕೇ ಮಗುಚಿದ್ದವು. ಪಲ್ಲವಿ ಬಂದಳು. ಬುಡಕ್ಕೆ ಬರುವಾಗಲೇ ಒಳ್ಳೇ ಓಟವಿತ್ತು. ನಾನು ಅಂಗೈ ಕೆಳಗೆ ಮಾಡಿದೆ. ಅವಳು ಕೈ ತಡೆದಳು. ಗಾಡಿಯ ಸದ್ದು ಇಳಿಯಿತು, ಡಬ್, ಡಬ್, ಡಬ್, ಥೇಟ್ ನಮ್ಮ ಗಿರಣಿಯದೇ ಸದ್ದು. ಈಗ ನಿಂತಿತು ಅಂತ ಜನ ಅಂದುಕೊಂಡರು. ಅದು ನಿಲ್ಲಲಿಲ್ಲ. ಅರ್ಧದಲ್ಲಿ ಸದ್ದು ಕುಗ್ಗಿದಾಗ ಬೆರಳು ಮಡಚಿ ಕರೆದೆ, ಅವಳು ಚೂರೇ ಚೂರು ಕೊಟ್ಟಳು. ಮತ್ತೆ ಅಂಗೈ ಕೆಳಗೆ. ನನ್ನ ಬದಿಗಿದ್ದ ಹೆಂಗಸೊಬ್ಬಳು, "ಪಾಪ, ಅಜ್ಜಿ ಆಶೀರ್ವಾದ ಮಾಡ್ತದೆ ಕಾಣು" ಅಂದಳು. ಆ ಹೊತ್ತಿಗೆ ಆಶೀರ್ವಾದಕ್ಕೆಲ್ಲ ಯಾರಿಗೆ ಪುರುಸೊತ್ತು.

ಎಮ್ಮೆ ಕೆರೆಯಿಂದ ದಡಕ್ಕೆ ಹತ್ತಿದ ಹಾಗೆ, ಅವಸರವಿಲ್ಲದೆ, ಕಾಲು ನೆಲಕ್ಕೆ ತಾಗಿಸದೆ, ನನ್ನ ಮೊಮ್ಮಗಳು ಏರು ಹತ್ತಿ ನನ್ನ ಮುಂದೆಯೇ ಹೋದಳು. ನನ್ನ ಮುಖದ ತುಂಬ ಕೆಸರು. ಮೈಕಿನವನು, "ಅಕ್ಕಾವ್ರೇ, ಚಾ ನಮಗೂ ಕೊಡಿ" ಅಂದ. ಈ ಸಲ ಎಲ್ಲರ ಜೊತೆ ಪಲ್ಲವಿಯೂ ನಕ್ಕಳು.

ಓಟದಲ್ಲಿ ಅವಳಿಗೆ ಐದನೇ ಜಾಗ. ಬಹುಮಾನ ಇದ್ದದ್ದು ಮೂರಕ್ಕೆ. ಅದರ ಯೋಚನೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮಗ ಬಂದು ಗಾಡಿಯ ಬದಿಯ ಮುಚ್ಚಳದ ಮೇಲೆ ಕೈಯಿಟ್ಟು, "ಇದ್ರೊಳಗೆ ಎಂತ ಹಾಕಿದ್ರಿ ನೀವಿಬ್ರು?" ಅಂದ. "ನಿನ್ನ ಅಪ್ಪನ ಗಿರಣಿ" ಅಂದೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವನೇ ಬಾವಿಕಟ್ಟೆಯ ಹತ್ತಿರ ಕೂತು, ಹಳೇ ಹಲ್ಲುಜ್ಜುವ ಬ್ರಶ್ ಹಿಡಿದು ಗಾಡಿಯ ಕೆಸರು ತೆಗೆಯುತ್ತಿದ್ದ. ಮಾರುವ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಗಿರಣಿ ನಿಂತ ಮೇಲೆ ನನಗೆ ಗೊತ್ತಿದ್ದದ್ದೆಲ್ಲ ಇನ್ನು ಯಾರ ಉಪಯೋಗಕ್ಕೂ ಬಾರದು ಎಂದೇ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಪಲ್ಲವಿ ದಿನಾ ಕಾಲೇಜಿಗೆ ಹೊರಡುವಾಗ ಬೇಲಿಯ ದಣಪೆಯ ಹತ್ತಿರ ಗಾಡಿ ನಿಲ್ಲಿಸಿ ಹಿಂದೆ ತಿರುಗುತ್ತಾಳೆ. ರಸ್ತೆಯಲ್ಲಿ ನಿಧಾನ ಹೋಗು ಎಂದು ಬಾಯಿಬಿಟ್ಟು ಹೇಳುವ ಕೆಲಸ ನನಗಿಲ್ಲ. ಜಗುಲಿಯಿಂದಲೇ ಅಂಗೈ ಕೆಳಗೆ ಮಾಡುತ್ತೇನೆ. ಅವಳು ತಲೆಯಾಡಿಸಿ, ಬೆರಳು ಮಡಚಿ ಒಂದು ಸೇರು ಸುರಿಯುವ ಸನ್ನೆ ತೋರಿಸಿ, ನಗುತ್ತ ಹೋಗುತ್ತಾಳೆ.