ಕಟ್ಟಿದವನ ಹೆಸರು ಹುಡುಕುತ್ತ ನಾಗಮಂಗಲದವರೆಗೆ

ಗಂಜಾಂನ ನಮ್ಮ ಮನೆಯಿಂದ ಹೊರಟಾಗ ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಜೊತೆಗಿದ್ದವರು ಅನಾಹಿತ್, ಅರ್ಮೇನಿಯಾದ ಹಿರಿಯ ಮಹಿಳಾ ವಾಸ್ತುಶಿಲ್ಪಿ. ತಮ್ಮ ನಾಡಿನ ವಾಸ್ತುಶಿಲ್ಪಿಗಳ ಬಗ್ಗೆ ಮೈಸೂರಿನಲ್ಲಿ ಉಪನ್ಯಾಸ ಕೊಡಲು ಬಂದಿದ್ದರು. ನಾನು ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತನಾದವನು. ನನ್ನ ತಾಯಿಯ ತವರಿನ ಈಶ್ವರನ ಗುಡಿಯಲ್ಲಿ ಅದನ್ನು ಕಟ್ಟಿದವನ ಹೆಸರು ಕಲ್ಲಿನ ಮೇಲೆ ಇಂದಿಗೂ ಇದೆ ಎಂದು ಅವರೆದುರು ಜಂಬ ಕೊಚ್ಚಿಕೊಂಡಿದ್ದೆ. ನೋಡಲೇಬೇಕೆಂದು ಪಟ್ಟು ಹಿಡಿದರು.

ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿದೆವು. "ಎಂಗಸ್ರಿಗೆ ಫ್ರೀ ಸಾ. ಅಮ್ಮಂಗೆ ಆಧಾರ್ ಐತಾ?" ಎಂದ ಕಂಡಕ್ಟರು. ಎರಡು ಟಿಕೆಟ್ ತೆಗೆದುಕೊಂಡೆ.

ಪಾಂಡವಪುರದಲ್ಲಿ ಇಡ್ಲಿ ತಿನ್ನುತ್ತ ಅನಾಹಿತ್ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ಸಾವಿರ ವರ್ಷದ ಹಿಂದೆ ಭೂಕಂಪಕ್ಕೆ ಕಾನ್‌ಸ್ಟಾಂಟಿನೋಪಲ್ಲಿನ ದೊಡ್ಡ ಚರ್ಚಿನ ಗುಮ್ಮಟ ಕುಸಿದಾಗ ಅದನ್ನು ಮತ್ತೆ ನಿಲ್ಲಿಸಿದವನು ಅರ್ಮೇನಿಯಾದವನು. ಮುಂದೆ ಅದೇ ಊರಿನಲ್ಲಿ ಸುಲ್ತಾನರಿಗೆ ಅರಮನೆ, ಮಸೀದಿಗಳನ್ನು ಕಟ್ಟಿಕೊಟ್ಟದ್ದು ತಲೆತಲಾಂತರದ ಒಂದು ಅರ್ಮೇನಿಯನ್ ಮನೆತನ. ಆದರೆ ಅವರು ಇಟಲಿಯವರೆಂದು ಅಲ್ಲಿನ ಗೈಡುಗಳು ಪ್ರವಾಸಿಗರಿಗೆ ಹೇಳುತ್ತಿದ್ದರಂತೆ. ಅನಾಹಿತರ ಮುತ್ತಜ್ಜ ಕಟ್ಟಿದ ಚರ್ಚು ಈಗ ಗಡಿಯಾಚೆ ಹುಲ್ಲು ತುಂಬುವ ಕೊಟ್ಟಿಗೆಯಾಗಿದೆ. ಅವನ ಹೆಸರನ್ನು ಅಲ್ಲಿನವರು ಉಳಿಯಿಂದ ಕೆತ್ತಿ ತೆಗೆದಿದ್ದಾರೆ.

"ಕಟ್ಟಿದವನ ಹೆಸರನ್ನು ಊರಿನವರೇ ಕಾಪಾಡಿಕೊಂಡು ಬಂದ ಒಂದು ಕಲ್ಲನ್ನು ಮುಟ್ಟಬೇಕು. ಅಷ್ಟೇ ನನ್ನ ಆಸೆ" ಎಂದರು.

ಮಾಕವಳ್ಳಿಯ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುತ್ತ ಬಸ್ಸು ಕೆ.ಆರ್. ಪೇಟೆ ತಲುಪಿತು. ಅಲ್ಲಿಂದ ಸಂತೆಬಾಚಹಳ್ಳಿಗೆ ಇನ್ನೊಂದು ಬಸ್ಸು, ಆಮೇಲೆ ಊರಿಗೆ ಆಟೋ. ದಾರಿಯುದ್ದಕ್ಕೂ ನನಗೆ ತಾತನ ನೆನಪು. ಗುಡಿಯ ಬಾಗಿಲ ಪಕ್ಕದ ಹಳಗನ್ನಡ ಅಕ್ಷರಗಳನ್ನು ತೋರಿಸಿ, "ಇದು ಗುಡಿ ಕಟ್ದೋನ ಎಸ್ರು ಕಣ್ಲಾ, ಕಾಲು ತಾಕಿಸ್ಬ್ಯಾಡ" ಎನ್ನುತ್ತಿದ್ದ.

ಸೋದರಮಾವನ ಮಗ ಜವರೇಗೌಡ ಈಗ ಗುಡಿಯ ಸಮಿತಿಗೆ ಅಧ್ಯಕ್ಷ. ಖುಷಿಯಿಂದ ಎದುರು ಬಂದ. "ಬಾ ಭಾವ! ನೋಡು, ಜೀರ್ಣೋದ್ಧಾರ ಮಾಡ್ಬುಟ್ಟೋ. ಎಂಗೈತೆ?"

ಗುಡಿಗೆ ಕೆಳಗಿನಿಂದ ಎದೆಯೆತ್ತರದವರೆಗೆ ಬಚ್ಚಲಿಗೆ ಹಾಕುವಂಥ ಬಿಳಿ ಟೈಲ್ಸ್, ಮೇಲೆಲ್ಲ ಹಳದಿ ಪೇಂಟು. ಬಾಗಿಲ ಪಕ್ಕಕ್ಕೆ ಹೋಗಿ ಬಗ್ಗಿ ನೋಡಿದೆ.

"ಅಕ್ಷರ ಇತ್ತಲ್ಲೋ ಇಲ್ಲಿ?"

"ಅಯ್ಯೋ, ಅದ್ರ ಮ್ಯಾಲೆ ಟೈಲ್ಸ್ ಕೂರ್ನಿಲ್ಲ ಭಾವ. ಮಿಷನ್ನಾಗೆ ಉಜ್ಜಿಸಿ ನೈಸ್ ಮಾಡ್ಸಿದ್ವು. ಗುಡಿ ಮೈಯೆಲ್ಲಾ ಮಡಿ ಆಗ್ಬುಡ್ತು."

ಕಾಸು ಕೊಟ್ಟವರ ಹೆಸರುಗಳು ಮಾತ್ರ ಬಾಗಿಲ ಪಕ್ಕದ ಕರಿಕಲ್ಲಿನಲ್ಲಿ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿದ್ದವು. ಅನಾಹಿತ್ ಕೈ ಚಾಚಿ ಟೈಲ್ಸನ್ನು ಮುಟ್ಟಿದರು. ಅವರ ಮಾತನ್ನು ನಾನು ಜವರೇಗೌಡನಿಗೆ ಕನ್ನಡದಲ್ಲಿ ಹೇಳಲಿಲ್ಲ: "ನಮ್ಮಲ್ಲಿ ದ್ವೇಷ ಇದ್ದವರು ಅಳಿಸಿದರು. ಇವರು ಕೈಮುಗಿದು ಅಳಿಸಿದ್ದಾರೆ."

ಜವರೇಗೌಡ ಮುದ್ದೆ ಊಟಕ್ಕೆ ಬಲವಂತ ಮಾಡಿದ. ಅವನ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ; ಇಷ್ಟು ಪ್ರೀತಿಯಿಂದ ಬಡಿಸುವವನ ಮೇಲೆ ಅದೂ ಆಗಲಿಲ್ಲ.

ನಾಗಮಂಗಲದ ಮೇಲೆ ವಾಪಸ್ಸು ಹೊರಟೆವು. ಬರಿಗೈಲಿ ಕಳಿಸಲು ಮನಸ್ಸಾಗದೆ, ಅಲ್ಲಿನ ಹಿತ್ತಾಳೆ ಅಂಗಡಿಯಲ್ಲಿ ಅನಾಹಿತರಿಗೆ ಒಂದು ದೀಪ ಕೊಂಡೆ. ಅಂಗಡಿಯವನು ಹೆಸರು ಕೊರೆಯುವ ಪುಟ್ಟ ಮಿಷನ್ ಕೈಗೆತ್ತಿಕೊಂಡ.

"ಯಾರ ಎಸ್ರು ಆಕ್ಲಿ ಸಾ?"

ಅದನ್ನು ಇಂಗ್ಲಿಷಿನಲ್ಲಿ ಅವರಿಗೆ ತಿಳಿಸಿದೆ. "ಆ ಗುಡಿ ಕಟ್ಟಿದವನದು" ಎಂದರು ಅನಾಹಿತ್. "ಏನವನ ಹೆಸರು?"

ಆ ಅಕ್ಷರ ಓದಲು ನನಗೆ ಬರುತ್ತಿರಲಿಲ್ಲ, ತಾತನಿಗೂ ಬರುತ್ತಿರಲಿಲ್ಲ. ಹೆಸರಿದೆ ಎಂದು ಗೊತ್ತಿತ್ತೇ ಹೊರತು ಏನೆಂದು ನಮ್ಮಲ್ಲಿ ಯಾರೂ ಓದಿಸಿರಲಿಲ್ಲ. ಗೊತ್ತಿಲ್ಲ ಎಂದೆ. ಅವರು ಮುಖ ತಿರುಗಿಸಿಕೊಂಡರು. ಗುಡಿ ಕಟ್ಟಿದವನ ಹೆಸರು ಹಾಕಿಸಬೇಕೆಂದಿದ್ದೆವು, ಅದು ಗೊತ್ತಿಲ್ಲ ಎಂದು ಅಂಗಡಿಯವನಿಗೆ ಹೇಳಿದೆ.

"ಓಗ್ಲಿ ಬುಡಿ ಸಾ, ಈ ದೀಪ ಮಾಡ್ದೋನ್ದೂ ಯಾರೂ ಆಕ್ಸಲ್ಲ" ಎಂದ ಅಂಗಡಿಯವನು. "ಕೊಡೋರ ಎಸ್ರು ಆಕೋದು ಪದ್ಧತಿ. ನಿಮ್ಮೆಸ್ರು ಯೋಳಿ."

ಮಿಷನ್ ಗುರ್ ಎನ್ನುತ್ತಿತ್ತು. ನನ್ನ ಹೆಸರು ಹೇಳಿದೆ.