ಪೆಟ್ಟಿಗೆಗೊಂದು ಕೊಸರು

ಬೆಳಿಗ್ಗೆ ಐದು ಇಪ್ಪತ್ತು. ಗೋದಾಮಿನ ತೂಕದ ಯಂತ್ರದ ಮೇಲೆ ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲು ಕುಳಿತಿದೆ. ಪರದೆಯಲ್ಲಿ 20.00 ಕಾಣುತ್ತದೆ. ಅದನ್ನು ಇಳಿಸಿ ಅರ್ಧ ಕಿಲೋದ ಕಲ್ಲು ಇಟ್ಟರೆ 0.50. ಒದ್ದೆ ಬಟ್ಟೆಯಿಂದ ತಗಡನ್ನು ಒರೆಸಿ, ಕೈ ಹಿಂದೆಳೆದುಕೊಂಡು, ಆಕೆ ಮತ್ತೊಮ್ಮೆ ನೋಡುತ್ತಾರೆ. ಸೊನ್ನೆ. “ಸರಿ. ಇವತ್ತೂ ಇದು ಸುಳ್ಳು ಹೇಳಲ್ಲ,” ಎನ್ನುತ್ತಾರೆ, ಯಾರಿಗೆಂದಲ್ಲ.

ಆಕೆಗೆ ಐವತ್ಮೂರು ವರ್ಷ. ಹಮಾಲರಿಂದ ಹಿಡಿದು ಲಾರಿ ಚಾಲಕರವರೆಗೆ ಎಲ್ಲರಿಗೂ ಆಕೆ ತೂಕದಕ್ಕ. ಒಂದು ಕಂಟೇನರ್ ತುಂಬುವಷ್ಟು ಸರಕಿಲ್ಲದ ಸಣ್ಣ ತಯಾರಕರು ಹತ್ತಿಪ್ಪತ್ತು ಮಂದಿ ಸೇರಿ ಒಂದೇ ಕಂಟೇನರಿನಲ್ಲಿ ಜಾಗ ಹಂಚಿಕೊಂಡು ಹೊರದೇಶಕ್ಕೆ ಸಾಮಾನು ಕಳಿಸುವ ಗೋದಾಮು ಇದು. ಇಲ್ಲಿಗೆ ಬರುವ ಪ್ರತಿ ಪೆಟ್ಟಿಗೆಯೂ ಆಕೆಯ ಕಣ್ಣೆದುರು ತೂಗಿಸಿಕೊಂಡೇ ಒಳಗೆ ಹೋಗಬೇಕು. ದಿನಕ್ಕೆ ಸುಮಾರು ನಾನೂರು ಪೆಟ್ಟಿಗೆ, ವಾರಕ್ಕೆ ಆರು ದಿನ, ಹತ್ತೊಂಬತ್ತು ವರ್ಷ.

ವಾರಕ್ಕೆ ಮೂರೋ ನಾಲ್ಕೋ ತಂಡ ಮೊದಲ ಸಲ ಬರುವವರದು. ಅವರನ್ನು ಗೇಟಿನಲ್ಲೇ ಗುರುತಿಸಬಹುದಂತೆ. “ಹಳಬರು ಡ್ರೈವರ್ ಕೈಲಿ ಕಾಗದ ಕೊಟ್ಟು ಕಳಿಸ್ತಾರೆ. ಹೊಸಬರಾದ್ರೆ ಮನೆಮಂದಿಯೆಲ್ಲ ಬರ್ತಾರೆ, ಮಗಳನ್ನ ಹಾಸ್ಟೆಲಿಗೆ ಬಿಡೋಕೆ ಬಂದ ಹಾಗೆ.”

ಆರು ಗಂಟೆ ಐದು ನಿಮಿಷಕ್ಕೆ ಬಂದ ಸಣ್ಣ ಟೆಂಪೊ ಅಂಥದ್ದೇ. ಮುಂದೆ ಚಾಲಕ, ಪಕ್ಕದಲ್ಲಿ ತೊಡೆಯ ಮೇಲೆ ಫೈಲು ಇಟ್ಟುಕೊಂಡ ಸೊಸೆ, ಹಿಂದೆ ಪೆಟ್ಟಿಗೆಗಳ ನಡುವೆ ಮಾವ. ಮಾವ ಹಿತ್ತಾಳೆಯ ಬಾಗಿಲ ಚಿಲಕ ಎರಕ ಹೊಯ್ಯುವವರು, ನಲವತ್ತು ವರ್ಷದ ಕೈ. ಹೊರದೇಶದಿಂದ ಬಂದ ಮೊದಲ ಬೇಡಿಕೆ ಇದು: ಅರವತ್ತನಾಲ್ಕು ಪೆಟ್ಟಿಗೆ, ಪೆಟ್ಟಿಗೆಗೆ ಇಪ್ಪತ್ತನಾಲ್ಕು ಚಿಲಕ. ಒಂಬತ್ತು ಗಂಟೆಗೆ ಕಂಟೇನರಿನ ಬಾಗಿಲು ಮುಚ್ಚಿ ಮುದ್ರೆ ಬೀಳುತ್ತದೆ. ಮುಂದಿನ ಹಡಗು ಹತ್ತು ದಿನದ ಮೇಲೆ. ಅಷ್ಟು ತಡವಾದರೆ ಸರಕು ಬೇಡ ಎಂದು ಕೊಳ್ಳುವವರು ಮೊದಲೇ ಬರೆದುಕೊಟ್ಟಿದ್ದಾರೆ.

ಸೊಸೆಯ ಕಾಗದ ಅಚ್ಚುಕಟ್ಟು. ಸರಕು ಯಾವ ಬಗೆಯದೆಂದು ತೋರಿಸುವ, ಲೋಕವೆಲ್ಲ ಒಪ್ಪಿದ ಸುಂಕದ ಸಂಖ್ಯೆ ಸರಿಯಾಗಿದೆ. ಎಲ್ಲಿ ತಯಾರಾಯಿತು ಎಂಬ ಪ್ರಮಾಣಪತ್ರ ಇದೆ. ಪ್ಯಾಕಿಂಗ್ ಪಟ್ಟಿಯಲ್ಲಿ ಪ್ರತಿ ಪೆಟ್ಟಿಗೆಯ ತೂಕ ಬರೆದಿದೆ: ಚಿಲಕ, ರಟ್ಟು, ಕಾಗದದ ಚೂರು ಎಲ್ಲ ಸೇರಿ 8.80 ಕಿಲೋ. ತೂಕದಕ್ಕ ಪಟ್ಟಿಯನ್ನು ಎರಡು ಸಲ ಓದಿ, “ಯಾರು ಬರೆದಿದ್ದು? ಚೆನ್ನಾಗಿದೆ,” ಎನ್ನುತ್ತಾರೆ. ಸೊಸೆಯ ಭುಜ ಸಡಿಲವಾಗುತ್ತದೆ.

ಮೊದಲ ಪೆಟ್ಟಿಗೆ 9.14. ಎರಡನೆಯದೂ 9.14. ಮೂರನೆಯದೂ ಅಷ್ಟೇ.

ಕಾಗದಕ್ಕೂ ತೂಕಕ್ಕೂ ನೂರಕ್ಕೆ ಎರಡಕ್ಕಿಂತ ಹೆಚ್ಚು ಅಂತರ ಬಂದರೆ ಈ ಗೋದಾಮಿನಲ್ಲಿ ಸರಕು ನಿಲ್ಲುತ್ತದೆ. ಇಲ್ಲಿ ಅಂತರ ಸುಮಾರು ನಾಲ್ಕು. ರಟ್ಟು ತೇವವಾಗಿದ್ದರೆ ಒಂದೊಂದು ಪೆಟ್ಟಿಗೆ ಒಂದೊಂದು ತೂಕ ತೋರಿಸಬೇಕಿತ್ತು. ಎಲ್ಲವೂ ಒಂದೇ ಸಮ ಹೆಚ್ಚು ಬಂದರೆ ಯಾರೋ ಪ್ರೀತಿಯಿಂದ ಏನೋ ಇಟ್ಟಿದ್ದಾರೆ ಎಂದೇ ಅರ್ಥ. ತೂಕದಕ್ಕ ಮಾವನ ಕಡೆ ತಿರುಗುತ್ತಾರೆ.

“ಯಜಮಾನರೇ, ಒಂದು ಚಿಲಕ ಎಷ್ಟು ತೂಗುತ್ತೆ?”

“ಮುನ್ನೂರ ನಲವತ್ತು ಗ್ರಾಂ. ಒಂದು ಗ್ರಾಂ ಆಚೀಚೆ ಇಲ್ಲ.”

“ಪೆಟ್ಟಿಗೆಲಿ ಎಷ್ಟಿದೆ?”

“ಇಪ್ಪತ್ನಾಲ್ಕು. ಮತ್ತೆ ಕೊಸರು.”

ಸೊಸೆ ಫೈಲು ಮುಚ್ಚುತ್ತಾಳೆ. “ಏನ್ ಕೊಸರು, ಮಾವ?”

“ಪೆಟ್ಟಿಗೆಗೊಂದು. ಕೊಸರು ಹಾಕ್ದೆ ನಾನು ಯಾವತ್ತು ಸಾಮಾನು ಕೊಟ್ಟಿದೀನಮ್ಮ? ಅಷ್ಟು ದೂರದವರು, ಮೊದಲನೇ ಸಲ ತಗೋತಿದಾರೆ. ಬರಿಗೈಲಿ ಕಳಿಸ್ಲಾ?”

“ಬರಿಗೈಲಾ. ಸಾವಿರದೈನೂರು ಚಿಲಕ ಹೋಗ್ತಿದೆ ಮಾವ.”

“ಅದು ವ್ಯಾಪಾರ. ಇದು ಮರ್ಯಾದೆ.”

ತೂಕದಕ್ಕನಿಗೆ ಇದು ಹೊಸದಲ್ಲ. ವರ್ಷಕ್ಕೆ ನಾಲ್ಕೈದು ಸಲ ಯಾರಾದರೂ ಕೊಸರು ಹಾಕಿಕೊಂಡು ಬರುತ್ತಾರೆ, ಮೋಸಗಾರರಲ್ಲ, ಒಳ್ಳೆಯವರೇ. ಆಕೆ ಮುದುಕರನ್ನು ಗದರುವುದಿಲ್ಲ. “ಅಂಗಡೀಲಿ ಇದು ಮರ್ಯಾದೆನೇ ಯಜಮಾನರೇ. ಹಡಗಿನಲ್ಲಿ ಹಾಗಲ್ಲ. ಪಟ್ಟಿಗಿಂತ ಕಡಿಮೆ ಇದ್ರೆ ಕದ್ದರು ಅಂತಾರೆ, ಹೆಚ್ಚಿದ್ರೆ ಬಚ್ಚಿಟ್ಟರು ಅಂತಾರೆ. ನಿಮ್ಮ ಮನಸ್ಸಲ್ಲಿ ಏನಿತ್ತು ಅಂತ ಬರೆಯೋಕೆ ಸುಂಕದವರ ಕಾಗದದಲ್ಲಿ ಜಾಗ ಇಲ್ಲ.”

ಅಷ್ಟರಲ್ಲಿ ಕಾಗದಪತ್ರ ನೋಡಿಕೊಳ್ಳುವ ಏಜೆಂಟ್ ಬರುತ್ತಾನೆ. ಪಟ್ಟಿ ತಿದ್ದಿಸಲು ಎರಡು ದಿನ ಬೇಕು ಎನ್ನುತ್ತಾನೆ. ನಂತರ ದನಿ ತಗ್ಗಿಸಿ, “ಅಕ್ಕ, ಎಂಟು ಎಂಬತ್ತು ಅಂತ ಬರೆದುಬಿಡಿ. ಮುನ್ನೂರು ಗ್ರಾಂ ಯಾರು ನೋಡ್ತಾರೆ?”

“ನಾನು ನೋಡಿದೀನಲ್ಲ.”

“ಪಾಪದವರು ಅಕ್ಕ.”

“ಅದಕ್ಕೇ ಬರೆಯಲ್ಲ. ಅಲ್ಲಿ ಸುಂಕದವರು ಪೆಟ್ಟಿಗೆ ಒಡೆದರೆ ಸಿಕ್ಕಿಬೀಳೋರು ನೀನೂ ಅಲ್ಲ, ನಾನೂ ಅಲ್ಲ.”

ಈ ಹಟಕ್ಕೆ ಮನೆಯಲ್ಲೇ ಒಂದು ಕಾರಣ ಇದೆ. ಆಕೆಯ ಗಂಡ ಇದೇ ಗೋದಾಮಿನಲ್ಲಿ ಹಮಾಲರಾಗಿದ್ದರು. ಇಪ್ಪತ್ತು ವರ್ಷದ ಹಿಂದೆ, ಮೂವತ್ತು ಕಿಲೋ ಎಂದು ಬರೆದಿದ್ದ ಪೆಟ್ಟಿಗೆ ಎತ್ತಿದರು. ಅದರಲ್ಲಿ ಇದ್ದದ್ದು ಐವತ್ತೆರಡು. ಅಂದಿನಿಂದ ಸೊಂಟ ಬಗ್ಗುವುದಿಲ್ಲ. ಮರುವರ್ಷ ತೂಕದ ಕೆಲಸ ಖಾಲಿಯಾದಾಗ ಆಕೆ ಅರ್ಜಿ ಹಾಕಿದರು. “ಮೂವತ್ತಕ್ಕೆ ಬಗ್ಗೋ ರೀತಿ ಬೇರೆ, ಐವತ್ತೆರಡಕ್ಕೆ ಬಗ್ಗೋ ರೀತಿ ಬೇರೆ,” ಎನ್ನುತ್ತಾರೆ. “ಬರೆದಿದ್ದನ್ನ ನಂಬಿ ಬಗ್ಗಿದರು.”

ಗಂಡ ಈಗ ಎರಡು ಕೋಣೆಯ ಮನೆಯಲ್ಲಿ ನಿಂತೇ ಅಡುಗೆ ಮಾಡುತ್ತಾರೆ, ನಿಂತೇ ಬಟ್ಟೆ ಇಸ್ತ್ರಿ ಮಾಡುತ್ತಾರೆ. ನಿಂತೇ ಬರೆದ ಒಂದು ಹಾಳೆ ತೂಕದ ಯಂತ್ರದ ಹಿಂದಿನ ಗೋಡೆಯ ಮೇಲಿದೆ: ಹಳೆಯ ಕ್ಯಾಲೆಂಡರಿನ ಬೆನ್ನು, ಮೇಲೆ ಪಾರದರ್ಶಕ ಪ್ಲಾಸ್ಟಿಕ್. ಮಾತು ಆಕೆಯದು, ಅಕ್ಷರ ಗಂಡನದು. “ನಂದು ಕೋಳಿ ಕೆದರಿದ ಹಾಗೆ.”

ಶೀರ್ಷಿಕೆ “ಮೊದಲ ಸಲ ಕಳಿಸುವವರಿಗೆ”. ಪ್ಯಾಕಿಂಗ್ ಪಟ್ಟಿ ಎಂದರೆ ಪೆಟ್ಟಿಗೆ ತೆರೆಯದೆ ಒಳಗೇನಿದೆ ಎಂದು ಹೇಳುವ ಕಾಗದ. ಒಳಗಿರುವ ಒಂದೂ ಅದರಿಂದ ಹೊರಗಿರಬಾರದು. ನಿವ್ವಳ ತೂಕ ಬರೀ ಸಾಮಾನಿನದು, ಒಟ್ಟು ತೂಕ ರಟ್ಟು ಹಗ್ಗ ಸೇರಿ. ಎಫ್‌ಒಬಿ ಎಂದು ಒಪ್ಪಿದ್ದರೆ ಸರಕು ಹಡಗು ಹತ್ತುವ ತನಕ ಅದರ ನಷ್ಟ ನಿಮ್ಮದು, ಹತ್ತಿದ ಮೇಲೆ ಕೊಂಡವರದು. ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್ ರಸೀದಿಯೂ ಹೌದು, ಹಕ್ಕುಪತ್ರವೂ ಹೌದು. ಮಕ್ಕಳ ಕೈಗೆ ಸಿಗದ ಕಡೆ ಇಡಿ. ಉಚಿತವಾಗಿ ಕಳಿಸುವುದನ್ನೂ ಪಟ್ಟಿಯಲ್ಲಿ ಬರೆಯಿರಿ, ಅದರ ಬೆಲೆಯನ್ನೂ ಬರೆಯಿರಿ. ಕೆಳಗೆ ಕೆಂಪು ಶಾಯಿಯಲ್ಲಿ: ಸುಂಕದ ಕಚೇರಿಯ ಎರಡನೇ ಮಹಡಿಯಲ್ಲಿ ಸಹಾಯದ ಮೇಜು ಇದೆ, ಮಂಗಳವಾರ ಮತ್ತು ಗುರುವಾರ. ತಯಾರಕರ ಸಂಘದಲ್ಲಿ ಮಾದರಿ ಕಾಗದಗಳು ಸಿಗುತ್ತವೆ. ಕೇಳಲು ನಾಚಬೇಡಿ.

ಸೊಸೆ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿ, ಉಚಿತದ ಸಾಲಿನಲ್ಲಿ ನಿಲ್ಲುತ್ತಾಳೆ. “ಇದು ಗೊತ್ತಿದ್ರೆ ಒಂದು ಸಾಲು ಸೇರಿಸ್ತಿದ್ದೆ.”

“ಮಾವ ಹೇಳಿದ್ರೆ ತಾನೇ,” ಎನ್ನುತ್ತಾರೆ ತೂಕದಕ್ಕ. ಮಾವ ಚಾವಣಿ ನೋಡುತ್ತಾರೆ.

ಪಟ್ಟಿ ತಿದ್ದಲು ಹೊತ್ತಿಲ್ಲ. ಪೆಟ್ಟಿಗೆಯನ್ನೇ ಪಟ್ಟಿಗೆ ಸರಿಮಾಡಬೇಕು. ತೂಕದ ಜಾಗದಲ್ಲಿ ಪೆಟ್ಟಿಗೆ ತೆರೆಯುವಂತಿಲ್ಲ. ನೆಲದ ಹಳದಿ ಗೆರೆಯ ಆಚೆ ಒಯ್ಯಬೇಕು. ಗಂಟೆ ಆರೂ ಮುಕ್ಕಾಲು. ಏಜೆಂಟ್ ಲೆಕ್ಕ ಹಾಕಿ ತಲೆಯಾಡಿಸುತ್ತಾನೆ: ಪೆಟ್ಟಿಗೆ ಬರಿದು ಮಾಡಿ, ಎಣಿಸಿ, ತುಂಬಿ, ಅಂಟಿಸಲು ಐದೈದು ನಿಮಿಷವಾದರೂ ಬೇಕು. ಆಗುವ ಮಾತಲ್ಲ.

“ಯಾಕೆ ಬರಿದು ಮಾಡ್ಬೇಕು? ಕೊಸರು ಯಾವಾಗ್ಲೂ ಮೇಲೇ ಇರುತ್ತೆ,” ಎನ್ನುತ್ತಾರೆ ತೂಕದಕ್ಕ. ಮಾವ ಹೌದೆಂದು ತಲೆಯಾಡಿಸುತ್ತಾರೆ: ಕೊನೆಗೆ ತಾವೇ, ಒಂದೊಂದಕ್ಕೂ, ಕೈಯಾರೆ ಇಟ್ಟದ್ದು.

ಇದು ಹಮಾಲರ ಕೆಲಸವಲ್ಲ, ಇದಕ್ಕೆ ಕೂಲಿಯೂ ಇಲ್ಲ. ಆದರೂ ಹಿರಿಯ ಹಮಾಲ ಚಹಾದ ಲೋಟ ಕೆಳಗಿಟ್ಟು ಬರುತ್ತಾರೆ, ಹಿಂದೆ ಇನ್ನಿಬ್ಬರು. “ಯಜಮಾನರೇ, ನಿಮ್ಮ ಮರ್ಯಾದೆ ನಮ್ಮ ಬೆನ್ನಿಗೆ ಬಂತು.” ಒಬ್ಬರು ಟೇಪು ಸೀಳುತ್ತಾರೆ, ಮಾವ ಮೇಲಿನ ಚಿಲಕ ಎತ್ತುತ್ತಾರೆ, ಸೊಸೆ ಹೊಸ ಟೇಪು ಎಳೆಯುತ್ತಾಳೆ. ತೂಕದಕ್ಕ ಯಂತ್ರ ಬಿಟ್ಟು ಕದಲುವುದಿಲ್ಲ. 8.80. 8.80. 8.80. ಪ್ರತಿಯೊಂದನ್ನೂ ಓದಿ ಹೇಳಿ, ಬರೆದು, ಚೀಟಿ ಅಂಟಿಸುತ್ತಾರೆ. ನಡುವೆ ಬೇರೆಯವರ ಎರಡು ಟೆಂಪೊ ಬಂದು ಸಾಲಿನಲ್ಲಿ ನಿಲ್ಲುತ್ತವೆ. ಒಬ್ಬ ಚಾಲಕ ಹಾರ್ನ್ ಒತ್ತುತ್ತಾನೆ. “ನಿನ್ನ ಮೊದಲನೇ ದಿನ ಮರೆತೋಯ್ತಾ?” ಎಂದು ಆಕೆ ಪರದೆಯಿಂದ ಕಣ್ಣು ತೆಗೆಯದೆ ಕೇಳುತ್ತಾರೆ. ಹಾರ್ನ್ ನಿಲ್ಲುತ್ತದೆ.

ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ನಲವತ್ತೊಂದನೇ ಪೆಟ್ಟಿಗೆ: 8.46.

ಏಜೆಂಟ್ ಹಣೆ ಒತ್ತಿಕೊಳ್ಳುತ್ತಾನೆ. ತೂಕದಕ್ಕ ಪೆಟ್ಟಿಗೆಯನ್ನು ಹಿಂದಕ್ಕೆ ಕಳಿಸುತ್ತಾರೆ. “ಇದಕ್ಕೆ ಕೊಸರು ಹಾಕೋದು ಮರೆತಿದ್ರಿ ಯಜಮಾನರೇ. ಈಗ ತೆಗೆದಿದ್ದು ಕೊಂಡವರ ಪಾಲಿನದು. ವಾಪಸ್ ಇಡಿ.” ಮಾವ ನಲವತ್ತೊಂದನೇ ಪೆಟ್ಟಿಗೆಯನ್ನು ಬಹಳ ಹೊತ್ತು ದಿಟ್ಟಿಸುತ್ತಾರೆ. ಕೊಸರು ಹಾಕಿದ್ದು ತಪ್ಪು ಎಂದಾಗ ಆಗದ ನಾಚಿಕೆ ಅವರಿಗೆ ಒಂದಕ್ಕೆ ಹಾಕಲು ಮರೆತೆ ಎಂದು ಆಗಿದೆ.

ಎಂಟು ಐವತ್ತೆರಡಕ್ಕೆ ಕೊನೆಯ ಪೆಟ್ಟಿಗೆ ಒಳಗೆ ಹೋಗುತ್ತದೆ. ಕಂಟೇನರಿನ ಬಾಗಿಲು ಮುಚ್ಚುತ್ತದೆ. ಹೊರಗೆ ಗೋಣಿಚೀಲದಲ್ಲಿ ಅರವತ್ಮೂರು ಚಿಲಕ ಉಳಿದಿವೆ. ಮಾವ ಹಮಾಲರಿಗೆ ಎರಡೆರಡು ಕೊಡುತ್ತಾರೆ. ತೂಕದಕ್ಕನ ಮುಂದೆ ಹಿಡಿದಾಗ ಆಕೆ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. “ಬೇಡ. ತೂಕ ಮಾಡೋಳು ಕೊಸರು ತಗೋಬಾರದು.”

ಆಕೆಗೆ ಬೇಕಾದದ್ದು ಬೇರೆ. ಗೋಡೆಯ ಹಾಳೆ ಇಲ್ಲಿರಬಾರದು, ಹೊಸಬರು ಹೆಸರು ನೋಂದಾಯಿಸುವ ಕಚೇರಿಯಲ್ಲಿ ಇರಬೇಕು. “ಇಲ್ಲಿಗೆ ಬಂದು ಓದಿದ್ರೆ ಊರು ಕೊಳ್ಳೆಯಾದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.” ಆ ಕಚೇರಿಯವರನ್ನು ಆಕೆ ಮೂರು ಸಲ ಕೇಳಿದ್ದಾರೆ. ತೂಕದವರು ತೂಕ ನೋಡಿಕೊಳ್ಳಲಿ ಎಂಬ ಉತ್ತರ ಬಂದಿದೆ. ಹೊರಡುವ ಮೊದಲು ಸೊಸೆ ಹಾಳೆಯ ಫೋಟೊ ತೆಗೆದುಕೊಂಡಳು. ಆಕೆ ತಡೆಯಲಿಲ್ಲ.

ಹನ್ನೊಂದು ವಾರದ ನಂತರ ಅದೇ ಟೆಂಪೊ ತೊಂಬತ್ತು ಪೆಟ್ಟಿಗೆ ಹೊತ್ತು ಬಂತು. ಈ ಸಲ ಸೊಸೆ ಬಂದಿರಲಿಲ್ಲ. ಚಾಲಕನ ಕೈಯಲ್ಲಿ ಕಾಗದ ಕಳಿಸಿದ್ದಳು. ಪ್ಯಾಕಿಂಗ್ ಪಟ್ಟಿಯ ಕೊನೆಯ ಸಾಲಿನಲ್ಲಿ ಹೀಗಿತ್ತು: ಚಿಲಕ, ಉಚಿತ, ಪೆಟ್ಟಿಗೆಗೊಂದರಂತೆ ತೊಂಬತ್ತು, ಬೆಲೆ ಸಹಿತ. ತೂಕದಕ್ಕ ತೊಂಬತ್ತನ್ನೂ ತೂಗಿದರು. ಎಲ್ಲವೂ 9.14 ಬಂತು, ಕಾಗದದಲ್ಲಿ ಇದ್ದ ಹಾಗೆಯೇ.